ಚಲಿಸುವ ಶೃಂಖಲೆ: ಮ್ಯಾಂಚೆಸ್ಟರಿನ ರೆನೋಲ್ಡ್ ಸರಪಣಿ ಕಾರ್ಖಾನೆಯ ಚರಿತ್ರೆ

೧. ವಿಷಯಪ್ರವೇಶ

ಸಂಸ್ಕೃತ ವಾಙ್ಮಯದಲ್ಲಿ ಶೃಂಖಲಾಶಬ್ದವು ಮುಖ್ಯವಾಗಿ ಎರಡು ಅರ್ಥಗಳಲ್ಲಿ ಪ್ರಸಿದ್ಧವಾಗಿರುವುದು. ಆನೆಯ ಕಾಲಿಗೆ ತೊಡಿಸುವ ಕಬ್ಬಿಣದ ಬಂಧನವು ಒಂದು. ಪುರುಷರು ನಡುವಿಗೆ ಕಟ್ಟುವ ಆಭರಣವು ಮತ್ತೊಂದು. ಆಲಂಕಾರಿಕರು ಇದಕ್ಕೆ ಮೂರನೆಯದೊಂದು ಅರ್ಥವನ್ನು ಕೂಡಿಸಿದರು. ಕಾರಣಮಾಲೆ, ಏಕಾವಳಿ, ಮಾಲಾದೀಪಕ, ಸಾರ ಎಂಬ ಅಲಂಕಾರಗಳನ್ನು ರುಯ್ಯಕನು ತನ್ನ ಅಲಂಕಾರಸರ್ವಸ್ವದಲ್ಲಿ ಒಂದೇ ಗುಂಪಿಗೆ ಸೇರಿಸಿ, ಹಿಂದಿನ ಪದವು ಮುಂದಿನ ಪದವನ್ನು ಹಿಡಿದುಕೊಂಡು ಸಾಗುವ ಶೃಂಖಲೆಯ ಚಮತ್ಕಾರವೇ ಇವುಗಳ ಜೀವವೆಂದು ನಿರ್ಣಯಿಸಿದನು. ಕನ್ನಡದಲ್ಲಿ ಈ ಶಬ್ದದ ತದ್ಭವವಾದ ಸಂಕಲೆಯು ಬಂಧನದ ಅರ್ಥವನ್ನೇ ಉಳಿಸಿಕೊಂಡಿತು. ಸರಪಣಿ ಎಂಬುದು ಬಾವಿಯ ಕೊಡದಿಂದ ಹಿಡಿದು ತೊಟ್ಟಿಲಿನವರೆಗೆ ಎಲ್ಲಕ್ಕೂ ಸಲ್ಲುವ ಮಾತಾಯಿತು.

ಕಟ್ಟಿಹಾಕುವುದು, ಅಲಂಕರಿಸುವುದು, ಕ್ರಮವಾಗಿ ಜೋಡಿಸುವುದು — ಈ ಮೂರು ಅರ್ಥಗಳಲ್ಲಿಯೂ ಶೃಂಖಲೆಯು ತಾನಾಗಿ ಚಲಿಸುವುದಿಲ್ಲ. ತಾನು ಚಲಿಸಿ ಇನ್ನೊಂದನ್ನು ಚಲಿಸುವಂತೆ ಮಾಡುವ ಶೃಂಖಲೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಲೋಕಸಾಮಾನ್ಯವಾದ ನಾಲ್ಕನೆಯ ಅರ್ಥವು. ಬೈಸಿಕಲ್ಲಿನ ಹಿಂದಿನ ಗಾಲಿಯನ್ನು ತಿರುಗಿಸುವ, ಅಂಗಡಿಯವರು ಚೈನು ಎಂದು ಕರೆಯುವ ವಸ್ತುವೇ ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಇದಕ್ಕೆ ಇಂದಿನ ರೂಪವು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪ್ರದೇಶದಲ್ಲಿ, ಹಾನ್ಸ್ ರೆನೋಲ್ಡ್ ಎಂಬ ಸ್ವಿಟ್ಜರ್ಲೆಂಡ್ ದೇಶೀಯನ ಕೈಯಲ್ಲಿ, ೧೮೮೦ರಲ್ಲಿ ಉಂಟಾಯಿತು. ಆತನ ಹೆಸರಿನ ಕಾರ್ಖಾನೆಯ ಚರಿತ್ರೆಯನ್ನು ನಿರೂಪಿಸಿ, ಅದರಿಂದ ಏಳುವ ಎರಡು ಪ್ರಶ್ನೆಗಳನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶವಾಗಿದೆ. ಮೊದಲನೆಯದು: ಹಲವರು ಮುಂಚೆಯೇ ಕಂಡಿದ್ದ ವಸ್ತುವಿಗೆ ಒಬ್ಬನನ್ನು ಕರ್ತೃವೆಂದು ಹೇಳುವುದು ನ್ಯಾಯವೆ? ಎರಡನೆಯದು: ಚಲಿಸುವ ಶೃಂಖಲೆಯನ್ನು ಮಾಡಿದ ಕೆಲಸಗಾರರಿಗೆ ಆ ಶಿಲ್ಪವು ಬಂಧನವಾಯಿತೆ, ಬಿಡುಗಡೆಯಾಯಿತೆ?

೨. ಪೂರ್ವಸ್ಥಿತಿ

ಸರಪಣಿಯಿಂದ ಚಲನೆಯನ್ನು ಸಾಗಿಸುವ ಭಾವನೆಯು ಬಹು ಪುರಾತನವಾದದ್ದು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಗ್ರೀಕ್ ಯಂತ್ರಶಾಸ್ತ್ರಜ್ಞನಾದ ಬೈಜಾಂಟಿಯಮ್ಮಿನ ಫಿಲೋ ಎಂಬುವನು, ಬಾಣಗಳನ್ನು ಒಂದರ ಹಿಂದೆ ಒಂದಾಗಿ ಎಸೆಯುವ ಯಂತ್ರವೊಂದನ್ನು ವರ್ಣಿಸುತ್ತ, ಅದರಲ್ಲಿ ಚಪ್ಪಟೆಯಾದ ಕೊಂಡಿಗಳ ಸರಪಣಿಯಿದ್ದುದನ್ನು ಹೇಳಿರುವನು. ಚೀನಾದೇಶದ ಸೂ ಸೋಂಗ್ ಎಂಬ ಪಂಡಿತನು ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಕೈಫೆಂಗ್ ನಗರದಲ್ಲಿ ಕಟ್ಟಿಸಿದ ಖಗೋಳಗಡಿಯಾರದ ಗೋಪುರದಲ್ಲಿ, ಕೆಳಗಿನ ಚಕ್ರದ ಚಲನೆಯನ್ನು ಮೇಲಿನ ಗೋಲಕ್ಕೆ ಮುಟ್ಟಿಸಲು ಕೊನೆಯಿಲ್ಲದ ಸರಪಣಿಯೊಂದನ್ನು ಬಳಸಲಾಗಿತ್ತು. ಅದಕ್ಕೆ ಸ್ವರ್ಗದ ಏಣಿ ಎಂಬ ಅರ್ಥವುಳ್ಳ ಹೆಸರಿತ್ತು.

ಭಾರತದೇಶದಲ್ಲಿ ಅರಘಟ್ಟ, ಘಟೀಯಂತ್ರ ಎಂಬ ಹೆಸರುಗಳಿಂದ ಪ್ರಸಿದ್ಧವಾದ ನೀರೆತ್ತುವ ಯಂತ್ರವು ಇದಕ್ಕೆ ಸಮೀಪವಾದದ್ದು. ಪಂಚತಂತ್ರದ ಗಂಗದತ್ತನೆಂಬ ಕಪ್ಪೆಯು ಬಾವಿಯಿಂದ ಮೇಲಕ್ಕೆ ಬಂದುದು ಇಂತಹ ಅರಘಟ್ಟದ ಗಡಿಗೆಗಳನ್ನು ಹಿಡಿದುಕೊಂಡೇ. ತುಂಬಿದ ಗಡಿಗೆ ಬರಿದಾಗಿ, ಬರಿದಾದುದು ಮತ್ತೆ ತುಂಬುವುದನ್ನು ಕಂಡು ಕವಿಗಳೂ ವೇದಾಂತಿಗಳೂ ಸಂಸಾರಚಕ್ರಕ್ಕೆ ಈ ಯಂತ್ರವನ್ನು ಉಪಮಾನವಾಗಿ ತಂದರು. ಆದರೆ ಒಂದು ಭೇದವನ್ನು ಗಮನಿಸತಕ್ಕದ್ದು. ಅರಘಟ್ಟದ ಗಡಿಗೆಮಾಲೆಯು ನೀರನ್ನು ಹೊರುವುದು. ಅದು ಒಂದು ಚಕ್ರದ ಬಲವನ್ನು ಇನ್ನೊಂದು ಚಕ್ರಕ್ಕೆ ಒಪ್ಪಿಸುವುದಿಲ್ಲ. ಅದರ ಹಗ್ಗವು ಸ್ವಲ್ಪ ಜಾರಿದರೂ ಕಾರ್ಯಹಾನಿಯಿಲ್ಲ. ಬಲವನ್ನು ಸಾಗಿಸುವ ಸರಪಣಿಯಾದರೋ ಒಂದು ಹಲ್ಲಿನಷ್ಟೂ ಜಾರಕೂಡದು.

ಯೂರೋಪಿನಲ್ಲಿ ಲಿಯೊನಾರ್ಡೊ ದ ವಿಂಚಿಯು ಹಲವು ಬಗೆಯ ಕೀಲುಸರಪಣಿಗಳ ಚಿತ್ರಗಳನ್ನು ಬರೆದನು. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಫ್ರಾನ್ಸಿನ ವೊಕಾನ್‌ಸನ್ ಎಂಬುವನು ತಂತಿಯನ್ನು ಬಗ್ಗಿಸಿ ಕೊಂಡಿಮಾಡಿದ ಸರಪಣಿಯನ್ನು ರೇಷ್ಮೆಯ ಯಂತ್ರಗಳಿಗಾಗಿ ನಿರ್ಮಿಸಿ, ಆ ಸರಪಣಿಯನ್ನು ಮಾಡುವುದಕ್ಕೇ ಒಂದು ಯಂತ್ರವನ್ನು ರಚಿಸಿದನು. ೧೮೨೯ರಲ್ಲಿ ಗಾಲ್ ಎಂಬ ಫ್ರೆಂಚ್ ಶಿಲ್ಪಿಯು ತಗಡು ಮತ್ತು ಕೀಲುಗಳಿಂದ ಕೂಡಿದ ಸರಪಣಿಗೆ ರಾಜಮುದ್ರೆಯ ಹಕ್ಕನ್ನು ಪಡೆದನು. ಅದು ಇಂದಿಗೂ ಆತನ ಹೆಸರಿನಿಂದಲೇ ಕರೆಯಲ್ಪಡುವುದು. ೧೮೬೪ರಲ್ಲಿ ಮ್ಯಾಂಚೆಸ್ಟರಿಗೆ ಹೊಂದಿಕೊಂಡಿರುವ ಸಾಲ್‌ಫರ್ಡಿನ ಜೇಮ್ಸ್ ಸ್ಲೇಟರನು ಉರುಳೆಗಳುಳ್ಳ ಸರಪಣಿಗೆ ಅಂತಹುದೇ ಹಕ್ಕನ್ನು ಪಡೆದು, ಹತ್ತಿಯ ಗಿರಣಿಗಳ ಯಂತ್ರಗಳಿಗೆ ಅದನ್ನು ಮಾಡಿಕೊಡುತ್ತಿದ್ದನು. ೧೮೭೪ರಲ್ಲಿ ಅಮೆರಿಕದ ಯೂವರ್ಟ್ ಎಂಬುವನು ಹೊಲದಲ್ಲಿಯೇ ಕೈಯಿಂದ ಬಿಚ್ಚಿ ಸೇರಿಸಬಹುದಾದ ಎರಕದ ಕೊಂಡಿಯನ್ನು ಕೊಯ್ಲಿನ ಯಂತ್ರಗಳಿಗಾಗಿ ಕಲ್ಪಿಸಿದನು. ರೆನೋಲ್ಡನಿಗೆ ದೊರೆತ ಪಿತ್ರಾರ್ಜಿತವು ಇಷ್ಟು.

೩. ರೆನೋಲ್ಡನ ಆಗಮನವೂ ಒಳಗೊಳವೆಯ ಕಲ್ಪನೆಯೂ

ಹಾನ್ಸ್ ರೆನೋಲ್ಡನು ೧೮೫೨ರಲ್ಲಿ ಸ್ವಿಟ್ಜರ್ಲೆಂಡಿನ ಆರಾವು ಪಟ್ಟಣದಲ್ಲಿ ಜನಿಸಿದನು. ಯಂತ್ರಶಿಲ್ಪವನ್ನು ಅಭ್ಯಾಸಮಾಡಿ ೧೮೭೩ರಲ್ಲಿ ಮ್ಯಾಂಚೆಸ್ಟರಿಗೆ ಬಂದು, ಯಂತ್ರಗಳನ್ನು ಹೊರದೇಶಗಳಿಗೆ ಕಳುಹಿಸುವ ವರ್ತಕರಲ್ಲಿ ಕೆಲಸಕ್ಕೆ ಸೇರಿದನು. ಲೋಕದ ಹತ್ತಿಯ ವ್ಯಾಪಾರಕ್ಕೆ ರಾಜಧಾನಿಯಂತಿದ್ದ ಆ ನಗರದಲ್ಲಿ ಯಂತ್ರಗಳ ಬೇಡಿಕೆಗೆ ಮಿತಿಯಿರಲಿಲ್ಲ. ೧೮೭೯ರಲ್ಲಿ ಆತನು ಸ್ಲೇಟರನ ಚಿಕ್ಕ ಸರಪಣಿಯ ಉದ್ಯೋಗವನ್ನು ಕೊಂಡುಕೊಂಡನು. ಮರುವರ್ಷವೇ, ಎಂದರೆ ೧೮೮೦ರಲ್ಲಿ, ಒಳಗೊಳವೆಯುಳ್ಳ ಉರುಳೆಸರಪಣಿಯನ್ನು ಕಂಡುಹಿಡಿದನು.

ಈ ಕಲ್ಪನೆಯ ಸ್ವರೂಪವನ್ನು ತಿಳಿಯಬೇಕಾದರೆ ಸರಪಣಿಯು ಸವೆಯುವ ಬಗೆಯನ್ನು ಮೊದಲು ತಿಳಿಯಬೇಕು. ಬಹುಕಾಲ ಓಡಿದ ಸರಪಣಿಯು ಉದ್ದವಾಯಿತೆಂದು ಲೋಕದಲ್ಲಿ ಹೇಳುವರು. ಲೋಹದ ತಗಡು ಎಳೆತದಿಂದ ಹಿಗ್ಗಿತೆಂಬ ಭ್ರಾಂತಿಯು ಈ ಮಾತಿನಿಂದ ಹುಟ್ಟುವುದು. ಸತ್ಯವು ಹಾಗಲ್ಲ. ತಗಡುಗಳು ಇದ್ದಷ್ಟೇ ಇರುವುವು. ಕೊಂಡಿಗೂ ಕೊಂಡಿಗೂ ನಡುವಣ ಕೀಲಿನ ಸಂದಿಯಲ್ಲಿ ಲೋಹವು ಲೋಹಕ್ಕೆ ಉಜ್ಜಿ ಸವೆಯುವುದು. ಅರ್ಧ ಅಂಗುಲದ ಅಂತರವುಳ್ಳ ನೂರು ಕೊಂಡಿಗಳಲ್ಲಿ ಪ್ರತಿ ಸಂದಿಯೂ ಅಂಗುಲದ ಇನ್ನೂರರಲ್ಲಿ ಒಂದು ಪಾಲು ಸವೆದರೆ, ಇಡೀ ಸರಪಣಿಯು ಅರ್ಧ ಅಂಗುಲ, ಎಂದರೆ ಒಂದು ಕೊಂಡಿಯಷ್ಟು, ನೀಳವಾಗುವುದು. ಆಗ ಕೊಂಡಿಗಳ ಅಂತರಕ್ಕೂ ಚಕ್ರದ ಹಲ್ಲುಗಳ ಅಂತರಕ್ಕೂ ಹೊಂದಿಕೆ ತಪ್ಪಿ, ಸರಪಣಿಯು ಹಲ್ಲುಗಳ ತುದಿಯ ಕಡೆಗೆ ಏರಿ, ಕೊನೆಗೆ ಜಾರಿಬಿಡುವುದು. ಆದುದರಿಂದ ಸರಪಣಿಯ ಆಯುಸ್ಸು ಇರುವುದು ತಗಡಿನಲ್ಲಿ ಅಲ್ಲ, ಸಂಧಿಯಲ್ಲಿ.

ಹಿಂದಿನ ಉರುಳೆಸರಪಣಿಗಳಲ್ಲಿ ಕೀಲು ನೇರವಾಗಿ ತಗಡಿನ ರಂಧ್ರದಲ್ಲಿ ತಿರುಗುತ್ತಿತ್ತು. ತಗಡು ತೆಳುವಾದುದರಿಂದ ಸಮಸ್ತ ಭಾರವೂ ಅದರ ಅಂಚಿನಷ್ಟು ಕಿರಿದಾದ ಸ್ಥಳದಲ್ಲಿ ಬಿದ್ದು, ಕೀಲಿನಲ್ಲಿ ಗಾಡಿಯ ಚಕ್ರ ಕೊರೆದ ಜಾಡಿನಂತೆ ಗುಳಿಬೀಳುತ್ತಿತ್ತು. ರೆನೋಲ್ಡನು ಒಳಗಿನ ಎರಡು ತಗಡುಗಳ ನಡುವೆ ಒಂದು ಗಟ್ಟಿಯಾದ ಉಕ್ಕಿನ ಕೊಳವೆಯನ್ನು ಬಿಗಿಯಾಗಿ ಕೂರಿಸಿದನು. ಹೊರಗಿನ ತಗಡುಗಳಿಗೆ ಬಿಗಿದ ಕೀಲು ಈ ಕೊಳವೆಯ ಒಳಗೆ ತಿರುಗುವುದು. ಕೊಳವೆಯ ಹೊರಮೈಯಲ್ಲಿ ಉರುಳೆಯು ಸಡಿಲವಾಗಿ ತಿರುಗುವುದು. ಹೀಗೆ ಭಾರವು ತಗಡಿನ ಅಂಚನ್ನು ಬಿಟ್ಟು ಕೊಳವೆಯ ಇಡೀ ಉದ್ದದಲ್ಲಿ ಹಂಚಿಹೋಗುವುದು. ಸಂದಿಯೊಳಗೆ ಎಣ್ಣೆಯು ನಿಲ್ಲುವುದಕ್ಕೆ ಆಸ್ಪದವಾಗುವುದು. ಚಕ್ರದ ಹಲ್ಲಿಗೆ ತಗಲುವಾಗ ಉಜ್ಜುವ ಬದಲು ಉರುಳುವುದರಿಂದ ಹಲ್ಲೂ ಉಳಿಯುವುದು. ಒಳತಗಡು, ಹೊರತಗಡು, ಕೀಲು, ಕೊಳವೆ, ಉರುಳೆ ಎಂಬ ಈ ಪಂಚಾಂಗಗಳ ವಿನ್ಯಾಸವು ನೂರನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದರೂ ತತ್ತ್ವದಲ್ಲಿ ಬದಲಾಗಿಲ್ಲ.

೪. ಕರ್ತೃತ್ವವಿಚಾರ

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ತಗಡು, ಕೀಲುಗಳು ಗಾಲನಲ್ಲಿ ಇದ್ದುವು. ಉರುಳೆಯು ಸ್ಲೇಟರನಲ್ಲಿ ಇತ್ತು. ಕೀಲುಸರಪಣಿಯ ಚಿತ್ರಗಳು ಲಿಯೊನಾರ್ಡೊವಿನಲ್ಲಿಯೇ ಇವೆ. ಹೀಗಿರುವಲ್ಲಿ ರೆನೋಲ್ಡನು ಕೂಡಿಸಿದುದು ಒಂದು ಚಿಕ್ಕ ಕೊಳವೆ ಮಾತ್ರ. ಅಷ್ಟರಿಂದ ಆತನಿಗೆ ಕರ್ತೃವೆಂಬ ಹೆಸರು ಹೇಗೆ ಸಲ್ಲುವುದು?

ಇದಕ್ಕೆ ಸಮಾಧಾನವನ್ನು ಎರಡು ಭಾಗವಾಗಿ ಹೇಳಬೇಕಾಗಿದೆ. ಮೊದಲು ಲಿಯೊನಾರ್ಡೊವಿನ ವಿಷಯ. ಆತನ ಯಂತ್ರಚಿತ್ರಗಳುಳ್ಳ ಪ್ರಮುಖವಾದ ಎರಡು ಹಸ್ತಪ್ರತಿಗಳು ಮ್ಯಾಡ್ರಿಡ್ಡಿನ ಪುಸ್ತಕಭಂಡಾರದಲ್ಲಿ ಅಡಗಿದ್ದು, ೧೯೬೦ರ ದಶಕದಲ್ಲಿ ಮಾತ್ರ ವಿದ್ವಾಂಸರ ಕಣ್ಣಿಗೆ ಬಿದ್ದುವು. ಬೇರೆ ಹಸ್ತಪ್ರತಿಗಳೂ ಆತನ ಮರಣಾನಂತರ ಬಹುಕಾಲ ಕೆಲವರ ಸ್ವತ್ತಾಗಿಯೇ ಉಳಿದವು. ಭಂಡಾರದಲ್ಲಿ ಮಲಗಿರುವ ಓಲೆಗರಿಯು ಎಷ್ಟು ಪ್ರಾಚೀನವಾದರೂ, ಓದುವವನಿಲ್ಲದೆ ಅದು ಪರಂಪರೆಗೆ ಕಾರಣವಾಗದು. ಕಾಲದಲ್ಲಿ ಹಿಂದಾದುದೆಲ್ಲವೂ ಕಾರಣವಲ್ಲವೆಂಬುದು ತಾರ್ಕಿಕರಿಗೆ ಸುಪರಿಚಿತವಾದ ಮಾತು. ಕುಂಬಾರನ ಕತ್ತೆಯೂ ಮಡಕೆಗಿಂತ ಮುಂಚೆಯೇ ಅಲ್ಲಿ ಇರುವುದು. ಆದರೂ ಅದು ಮಡಕೆಗೆ ಕಾರಣವಲ್ಲ, ಅನ್ಯಥಾಸಿದ್ಧ. ಲಿಯೊನಾರ್ಡೊವಿಗೆ ಬುದ್ಧಿಯ ಹಿರಿಮೆ ಸಲ್ಲುವುದು. ಮ್ಯಾಂಚೆಸ್ಟರಿನ ಸರಪಣಿಗೆ ಆತನು ಮೂಲಪುರುಷನೆಂಬ ಹೇಳಿಕೆ ಸಲ್ಲದು.

ಸ್ಲೇಟರನ ವಿಷಯವು ಹೀಗಲ್ಲ. ಆತನ ಉದ್ಯೋಗವನ್ನೇ ರೆನೋಲ್ಡನು ಕೊಂಡುದರಿಂದ ಅಲ್ಲಿ ಸಂಬಂಧವು ಸಾಕ್ಷಾತ್ತಾಗಿದೆ. ರೆನೋಲ್ಡನು ಶೂನ್ಯದಿಂದ ಸೃಷ್ಟಿಮಾಡಿದನೆಂದು ಹೇಳುವವರು ಸ್ಲೇಟರನಿಗೆ ಅನ್ಯಾಯಮಾಡುವರು. ಆದರೆ ವ್ಯಾಖ್ಯಾನಕಾರನು ಮೂಲದ ತೊಡಕು ಇರುವ ಸ್ಥಳವನ್ನೇ ಗುರುತಿಸಿ, ಒಂದು ಪದವನ್ನು ಅಧ್ಯಾಹಾರಮಾಡಿ ವಾಕ್ಯವನ್ನು ನಿಲ್ಲಿಸುವಂತೆ, ರೆನೋಲ್ಡನು ದೋಷವು ಎಲ್ಲಿದೆಯೆಂಬುದನ್ನು ಕಂಡನು. ಇತರರು ತಗಡನ್ನು ದಪ್ಪಮಾಡಿಯೂ ಕೀಲನ್ನು ಗಟ್ಟಿಮಾಡಿಯೂ ಸರಪಣಿಯನ್ನು ಬಲಪಡಿಸಬಹುದಾಗಿತ್ತು. ಆತನು ಸಂದಿಯನ್ನು ಅಗಲಮಾಡಿದನು. ಕೊಳವೆಯು ಚಿಕ್ಕದು, ಅದನ್ನು ಇಡಬೇಕಾದ ಸ್ಥಳವನ್ನು ಕಂಡುದು ಚಿಕ್ಕದಲ್ಲ.

ಇದಲ್ಲದೆ ಇನ್ನೊಂದು ಮಾತುಂಟು. ನೂರು ಕೊಂಡಿಗಳ ಸರಪಣಿಯಲ್ಲಿ ಪ್ರತಿಯೊಂದೂ ಅಂಗುಲದ ಸಾವಿರದಲ್ಲಿ ಒಂದು ಪಾಲು ಹೆಚ್ಚಾದರೆ, ಒಟ್ಟಿನಲ್ಲಿ ತಪ್ಪು ಅಂಗುಲದ ಹತ್ತರಲ್ಲಿ ಒಂದು ಪಾಲಾಗುವುದು. ಒಬ್ಬ ಕಮ್ಮಾರನು ಒಂದು ಕೊಂಡಿಯನ್ನು ಅತಿಸುಂದರವಾಗಿ ಮಾಡಬಲ್ಲನು. ಆದರೆ ಅದರಂತೆಯೇ ಲಕ್ಷಗಟ್ಟಲೆ ಕೊಂಡಿಗಳನ್ನು, ಒಂದರ ಬದಲು ಇನ್ನೊಂದನ್ನು ಇಟ್ಟರೂ ಭೇದ ತೋರದಂತೆ, ಮಾಡುವುದಕ್ಕೆ ಕೈಚಳಕವು ಸಾಲದು. ಅಳತೆಯ ಶಿಸ್ತು ಬೇಕು. ಹೀಗಾಗಿ ಸರಪಣಿಯ ಕಲ್ಪನೆಯನ್ನೂ ಅದನ್ನು ಮಾಡುವ ಕಾರ್ಖಾನೆಯ ಕಲ್ಪನೆಯನ್ನೂ ಬೇರೆಬೇರೆಯಾಗಿ ನೋಡಲಾಗದು. ರೆನೋಲ್ಡನ ಕರ್ತೃತ್ವವು ಈ ಎರಡರ ಸಮವಾಯದಲ್ಲಿರುವುದೆಂಬುದೇ ಸಿದ್ಧಾಂತ.

೫. ಪ್ರಸಾರ

ಕಾಲವು ಈ ಕಲ್ಪನೆಗೆ ಅನುಕೂಲವಾಗಿತ್ತು. ೧೮೭೯ರಲ್ಲಿ ಲಾಸನ್ ಎಂಬುವನು ಹಿಂದಿನ ಗಾಲಿಯನ್ನು ಸರಪಣಿಯಿಂದ ನಡೆಸುವ ದ್ವಿಚಕ್ರವೊಂದನ್ನು ತೋರಿಸಿದ್ದನು. ೧೮೮೫ರಲ್ಲಿ ಕವೆಂಟ್ರಿ ಪಟ್ಟಣದ ಜಾನ್ ಕೆಂಪ್ ಸ್ಟಾರ್ಲಿಯು ರೋವರ್ ಎಂಬ ಹೆಸರಿನ ಬೈಸಿಕಲ್ಲನ್ನು ಹೊರತಂದನು. ಅದಕ್ಕೆ ಮುಂಚಿನ ಎತ್ತರದ ದ್ವಿಚಕ್ರದಲ್ಲಿ ಕಾಲ್ಮೆಟ್ಟು ಮುಂದಿನ ಗಾಲಿಗೇ ಸೇರಿದ್ದುದರಿಂದ, ವೇಗಬೇಕಾದರೆ ಗಾಲಿಯು ಆಳೆತ್ತರವಾಗಬೇಕಾಗಿತ್ತು, ಬಿದ್ದರೆ ಪ್ರಾಣಾಪಾಯವಿತ್ತು. ಸರಪಣಿಯೂ ಹಿರಿದು ಕಿರಿದಾದ ಎರಡು ಹಲ್ಲುಚಕ್ರಗಳೂ ಬಂದಮೇಲೆ, ಗಾಲಿಯು ಚಿಕ್ಕದಾಗಿದ್ದರೂ ವೇಗವು ದೊರೆಯಿತು. ಸ್ತ್ರೀಯರೂ ವೃದ್ಧರೂ ಅದನ್ನು ಏರುವಂತಾಯಿತು. ಕೊಳವೆಯುಳ್ಳ ಸರಪಣಿಯ ಬೇಡಿಕೆಯು ಗಿರಣಿಯಿಂದ ಬೀದಿಗೆ ಹರಿಯಿತು.

ಹಣದ ಹೊಳೆಯೊಡನೆ ಮಿಥ್ಯಾವಾದಗಳೂ ಹರಿದುವು. ಸಿಂಪ್ಸನ್ ಎಂಬುವನು ತ್ರಿಕೋಣಾಕಾರದ ಕೊಂಡಿಗಳುಳ್ಳ ಸರಪಣಿಯನ್ನು ಮಾಡಿ, ಅದರಲ್ಲಿ ಸನ್ನೆಗೋಲಿನ ಗುಣವು ಸೇರಿರುವುದರಿಂದ ಸವಾರನಿಗೆ ಅಧಿಕ ಬಲವು ಲಭಿಸುವುದೆಂದು ಸಾರಿದನು. ೧೮೯೬ರಲ್ಲಿ ಲಂಡನ್ನಿನ ಕ್ಯಾಟ್‌ಫರ್ಡ್ ಮೈದಾನದಲ್ಲಿ ಇದಕ್ಕಾಗಿ ಪಂದ್ಯಗಳೇ ನಡೆದುವು. ಪ್ರಸಿದ್ಧ ಚಿತ್ರಕಾರನಾದ ತುಲೂಸ್ ಲೋಟ್ರೆಕನು ಅದೇ ವರ್ಷ ಇದರ ಜಾಹೀರಾತಿಗೆ ಭಿತ್ತಿಚಿತ್ರವನ್ನು ಬರೆದನು. ಕಾಲಿನಿಂದ ಕೊಟ್ಟ ಶಕ್ತಿಗಿಂತ ಹೆಚ್ಚಿನದನ್ನು ಯಾವ ಕೊಂಡಿಯೂ ಗಾಲಿಗೆ ಒಪ್ಪಿಸಲಾರದು. ಅಸತ್ತಿನಿಂದ ಸತ್ತು ಹುಟ್ಟದೆಂಬುದು ಯಂತ್ರಕ್ಕೂ ಅನ್ವಯಿಸುವ ನ್ಯಾಯ. ಕೆಲವೇ ವರ್ಷಗಳಲ್ಲಿ ಆ ಸರಪಣಿಯು ಮಾಯವಾಯಿತು. ಚಿತ್ರವು ಮಾತ್ರ ಉಳಿಯಿತು.

ರೆನೋಲ್ಡನು ೧೮೯೫ರಲ್ಲಿ ನಿಶ್ಶಬ್ದಸರಪಣಿ ಎಂಬ ಇನ್ನೊಂದು ಬಗೆಯನ್ನು ನಿರ್ಮಿಸಿದನು. ಇದರಲ್ಲಿ ಹಲ್ಲುಗಳು ಕೊಂಡಿಯ ತಗಡಿನಲ್ಲಿಯೇ ಕೆಳಮುಖವಾಗಿ ಇರುವುವು. ಅವು ಚಕ್ರದ ಹಲ್ಲುಗಳ ಮೇಲೆ ಮೈಗೆ ಮೈ ಹೊಂದಿ ಕುಳಿತುಕೊಳ್ಳುವುದರಿಂದ ಬಡಿತದ ಸದ್ದು ಬಹಳ ಕಡಿಮೆ. ಗಿರಣಿಗಳಲ್ಲಿಯೂ ತರುವಾಯ ಮೋಟಾರಿನ ಎಂಜಿನ್ನಿನ ಒಳಗೂ ಈ ಬಗೆಗೆ ಸ್ಥಾನ ದೊರೆಯಿತು. ಸರಪಣಿಯ ವ್ಯಾಪ್ತಿಗೆ ಇನ್ನೊಂದು ನಿದರ್ಶನವು ಅಮೆರಿಕದ್ದು. ೧೯೦೩ನೆಯ ಡಿಸೆಂಬರ್ ೧೭ರಂದು ರೈಟ್ ಸಹೋದರರು ಹಾರಿಸಿದ ವಿಮಾನದಲ್ಲಿ ಎಂಜಿನ್ನಿನ ಬಲವು ಎರಡು ರೆಕ್ಕೆಚಕ್ರಗಳಿಗೆ ಮುಟ್ಟಿದುದು ಸರಪಣಿಗಳಿಂದಲೇ. ಬೈಸಿಕಲ್ಲಿನ ಅಂಗಡಿಯವರಾದ ಆ ಸಹೋದರರು, ಎರಡು ಚಕ್ರಗಳೂ ಪರಸ್ಪರ ಎದುರು ದಿಕ್ಕಿಗೆ ತಿರುಗುವಂತೆ ಒಂದು ಸರಪಣಿಯನ್ನು ಎಂಟರ ಅಂಕೆಯಂತೆ ತಿರುಚಿ ಹಾಕಿದ್ದರು.

೬. ಎರಡು ಬಗೆಯ ಸರಪಣಿ, ಎರಡು ಬಗೆಯ ದುಡಿಮೆ

ಎರಡನೆಯ ಪ್ರಶ್ನೆಯನ್ನು ವಿಚಾರಮಾಡುವುದಕ್ಕೆ ಇಂಗ್ಲೆಂಡಿನ ಇನ್ನೊಂದು ಊರಿನ ಕಡೆಗೆ ತಿರುಗಬೇಕಾಗಿದೆ. ಕ್ರೇಡ್ಲಿ ಹೀತ್ ಎಂಬ ಊರಿನಲ್ಲಿ ಹಡಗಿನ ಲಂಗರಿಗೂ ದನಗಳನ್ನು ಕಟ್ಟುವುದಕ್ಕೂ ಬೇಕಾದ ಬೆಸುಗೆಯ ಸರಪಣಿಗಳನ್ನು ಮಾಡುತ್ತಿದ್ದರು. ಚಿಕ್ಕ ಸರಪಣಿಗಳನ್ನು ಸ್ತ್ರೀಯರು ತಮ್ಮ ಮನೆಯ ಹಿತ್ತಲಿನ ಕುಲುಮೆಗಳಲ್ಲಿ, ಮಗ್ಗುಲಲ್ಲಿ ಕೂಸುಗಳನ್ನು ಇಟ್ಟುಕೊಂಡು, ಸುತ್ತಿಗೆಯಿಂದ ಬಡಿದು ಮಾಡುತ್ತಿದ್ದರು. ೧೯೦೯ರ ಕಾಯಿದೆಯ ಮೇರೆಗೆ ಏರ್ಪಟ್ಟ ಮಂಡಲಿಯು ಅವರಿಗೆ ಗಂಟೆಗೆ ಎರಡೂವರೆ ಪೆನ್ಸಿನ ಕನಿಷ್ಠ ಕೂಲಿಯನ್ನು ಗೊತ್ತುಮಾಡಿತು. ೫೪ ಗಂಟೆಗಳ ವಾರಕ್ಕೆ ಇದು ಹನ್ನೊಂದು ಷಿಲ್ಲಿಂಗು ಮೂರು ಪೆನ್ಸಾಗುವುದು. ಅನೇಕರಿಗೆ ಇದು ಹಿಂದಿನ ಸಂಪಾದನೆಯ ಸುಮಾರು ಇಮ್ಮಡಿ. ಮಾಲಿಕರಲ್ಲಿ ಹಲವರು ಈ ಹಕ್ಕನ್ನು ಬಿಟ್ಟುಕೊಡುವಂತೆ ಬರೆದ ಪತ್ರಗಳಿಗೆ ಆ ಸ್ತ್ರೀಯರ ಅಂಕಿತವನ್ನು ಕೇಳಿದರು. ಓದುಬಾರದವರು ಅದರ ಅರ್ಥವನ್ನು ತಿಳಿಯದೆಯೇ ಗುರುತುಹಾಕುವ ಪರಿಸ್ಥಿತಿಯಿತ್ತು. ೧೯೧೦ರಲ್ಲಿ ಮೇರಿ ಮೆಕಾರ್ಥರಳ ನೇತೃತ್ವದಲ್ಲಿ ಅವರು ಹತ್ತು ವಾರಗಳ ಕಾಲ ಕೆಲಸವನ್ನು ನಿಲ್ಲಿಸಿ ಜಯಶಾಲಿಗಳಾದರು. ಸಹಾಯಾರ್ಥವಾಗಿ ಬಂದ ಹಣದಲ್ಲಿ ಉಳಿದುದರಿಂದ ಕೆಲಸಗಾರರ ಮಂದಿರವೊಂದನ್ನು ಕಟ್ಟಿ ೧೯೧೨ರಲ್ಲಿ ತೆರೆದರು.

ಮ್ಯಾಂಚೆಸ್ಟರಿನ ಚಿತ್ರವು ಬೇರೆ. ೧೮೯೩ರಲ್ಲಿ ಸಾಲ್‌ಫರ್ಡಿನ ಮೇದರ್ ಮತ್ತು ಪ್ಲಾಟ್ ಕಾರ್ಖಾನೆಯು ಎಂಟು ಗಂಟೆಗಳ ದುಡಿಮೆಯನ್ನು ಪರೀಕ್ಷಾರ್ಥವಾಗಿ ನಡೆಸಿ, ಉತ್ಪನ್ನವು ಕುಗ್ಗಲಿಲ್ಲವೆಂದು ಪ್ರಕಟಿಸಿತ್ತು. ರೆನೋಲ್ಡನು ೧೮೯೬ರಲ್ಲಿ ತನ್ನ ಕಾರ್ಖಾನೆಯಲ್ಲಿ ವಾರಕ್ಕೆ ೪೮ ಗಂಟೆಗಳ ನಿಯಮವನ್ನು ತಂದನು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ನಗರದ ಹೊರವಲಯದ ಬರ್ನೇಜಿನಲ್ಲಿ ವಿಶಾಲವಾದ ಹೊಸ ಕಾರ್ಖಾನೆಯು ಬೆಳೆಯತೊಡಗಿತು. ಆತನ ಮಗನಾದ ಚಾರ್ಲ್ಸ್ ರೆನೋಲ್ಡನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಓದಿ ಹಿಂದಿರುಗಿ ತಂದೆಯೊಡನೆ ಸೇರಿದನು. ತಂದೆಮಕ್ಕಳಿಬ್ಬರೂ ಫ್ರೆಡರಿಕ್ ಟೇಲರನ ಕಾರ್ಯವಿಭಾಗಪದ್ಧತಿಯನ್ನು ಮೊದಲ ಮಹಾಯುದ್ಧಕ್ಕೆ ಮುಂಚೆಯೇ ಅಳವಡಿಸಿದರು. ಬ್ರಿಟನ್ನಿನಲ್ಲಿ ಆ ಪದ್ಧತಿಯನ್ನು ಆಚರಣೆಗೆ ತಂದ ಮೊದಲಿಗರಲ್ಲಿ ಇವರು ಗಣ್ಯರು.

ಟೇಲರನ ಪದ್ಧತಿಯೆಂದರೆ ಕೆಲಸವನ್ನು ಅತಿಸೂಕ್ಷ್ಮವಾದ ಅಂಶಗಳಾಗಿ ಒಡೆದು, ಪ್ರತಿಯೊಂದಕ್ಕೂ ಹಿಡಿಯುವ ಕಾಲವನ್ನು ಗಡಿಯಾರದಿಂದ ಅಳೆದು, ಮಾಡುವ ಕ್ರಮವನ್ನು ಮೇಲಿನಿಂದ ವಿಧಿಸುವುದು. ಕೊಂಡಿಯನ್ನು ಅಳೆದ ಶಿಸ್ತೇ ಇಲ್ಲಿ ಮನುಷ್ಯನನ್ನು ಅಳೆಯುವುದಕ್ಕೆ ಹೊರಟಿತು. ಕೊಂಡಿಗೆ ಇಂತಹ ಅಳತೆಯಿಂದ ಹಾನಿಯಿಲ್ಲ, ಮನುಷ್ಯನಿಗೆ ಉಂಟು. ಏಕೆಂದರೆ ಯಾವ ಕೆಲಸವನ್ನು ಏಕೆ, ಹೇಗೆ ಮಾಡುವೆನೆಂಬ ವಿವೇಕವೇ ಶಿಲ್ಪಿಯ ಗೌರವ. ಅದನ್ನು ಕಸಿದುಕೊಂಡಲ್ಲಿ ಕೂಲಿಯು ಹೆಚ್ಚಾದರೂ ಶಿಲ್ಪಿತ್ವವು ಕುಗ್ಗುವುದು. ಯುದ್ಧಕಾಲದಲ್ಲಿ ಬ್ರಿಟನ್ನಿನ ಕಾರ್ಖಾನೆಗಳಲ್ಲೆಲ್ಲ ಕೆಲಸಗಾರರ ಪ್ರತಿನಿಧಿಗಳ ಚಳವಳಿಯು ಎದ್ದುದಕ್ಕೆ ಇದೂ ಒಂದು ಕಾರಣವೆಂದು ತಿಳಿಯಬಹುದು.

ಚಾರ್ಲ್ಸ್ ರೆನೋಲ್ಡನು ಈ ತೊಡಕನ್ನು ಕಾಣದೆ ಇರಲಿಲ್ಲ. ೧೯೧೭ರಲ್ಲಿ ಆತನು ಕಾರ್ಖಾನೆಯ ಸಮಿತಿಗಳ ವಿಷಯವಾಗಿ ಬರೆದ ಪುಸ್ತಿಕೆಯಲ್ಲಿ, ಯಾವ ಯಾವ ವಿಷಯಗಳಲ್ಲಿ ಕೆಲಸಗಾರರೂ ಆಡಳಿತದವರೂ ಕೂಡಿ ಆಲೋಚಿಸಬಹುದೆಂಬುದನ್ನು ವಿಂಗಡಿಸಿ ತೋರಿಸಿದನು. ತನ್ನ ಕಾರ್ಖಾನೆಯಲ್ಲಿ ಅಂತಹ ಸಮಿತಿಗಳನ್ನು ನಡೆಯಿಸಿದನು. ಮೂವತ್ತು ವರ್ಷಗಳ ಈ ಅನುಭವವನ್ನು ೧೯೫೦ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಬ್ರಿಟಿಷ್ ಆಡಳಿತಶಾಸ್ತ್ರ ಸಂಸ್ಥೆಯು ೧೯೪೭ರಲ್ಲಿ ಸ್ಥಾಪಿತವಾದಾಗ ಆತನೇ ಅದರ ಮೊದಲ ಅಧ್ಯಕ್ಷನಾದನು. ಮ್ಯಾಂಚೆಸ್ಟರಿನ ಶಿಲ್ಪವಿದ್ಯಾಶಾಲೆಯಲ್ಲಿ ೧೯೬೨ರಲ್ಲಿ ತೆರೆದ ಉಪನ್ಯಾಸಮಂದಿರಕ್ಕೆ ಆತನ ಹೆಸರನ್ನೇ ಇಟ್ಟರು. ಆತನು ೧೯೬೭ರಲ್ಲಿ ತೀರಿಕೊಂಡನು.

ಇವೆಲ್ಲವೂ ದಯೆಯೆ, ಲೆಕ್ಕಾಚಾರವೆ ಎಂದು ಕೇಳುವವರುಂಟು. ಎರಡೂ ಎಂಬುದೇ ಯುಕ್ತವಾದ ಉತ್ತರವು. ದಣಿದ ಕೈ ಅಳತೆ ತಪ್ಪುವುದು; ಅಳತೆ ತಪ್ಪಿದ ಕೊಂಡಿಯು ಇಡೀ ಸರಪಣಿಯನ್ನು ಕೆಡಿಸುವುದು. ಆದುದರಿಂದ ೪೮ ಗಂಟೆಗಳ ನಿಯಮವು ಧರ್ಮವೂ ಆಗಿತ್ತು, ಅರ್ಥವೂ ಆಗಿತ್ತು. ಸಮಿತಿಗಳಾದರೋ ಕೆಲಸಗಾರನಿಗೆ ಮಾತನ್ನು ಕೊಟ್ಟುವು. ಕಟ್ಟಕಡೆಯ ನಿರ್ಣಯವನ್ನು ಕೊಡಲಿಲ್ಲ. ಕ್ರೇಡ್ಲಿ ಹೀತಿನ ಸ್ತ್ರೀಯರು ತಾವೇ ಹೋರಾಡಿ ಪಡೆದುದನ್ನು ಬರ್ನೇಜಿನವರು ಒಡೆಯನ ವಿವೇಕದಿಂದ ಪಡೆದರು. ಎರಡನೆಯದು ಸುಖತರವಾದದ್ದು, ಆದರೆ ಒಡೆಯನ ವಿವೇಕವನ್ನು ಆಶ್ರಯಿಸಿದುದೆಲ್ಲವೂ ಒಡೆಯನು ಇರುವವರೆಗೆ ಮಾತ್ರ ನಿಲ್ಲುವುದೆಂಬುದನ್ನು ಮುಂದಿನ ಚರಿತ್ರೆಯು ತೋರಿಸಿತು.

೭. ಉತ್ತರಚರಿತ್ರೆಯೂ ಭಾರತಸಂಬಂಧವೂ

೧೯೩೦ರಲ್ಲಿ ರೆನೋಲ್ಡ್ ಕಾರ್ಖಾನೆಯು ತನ್ನ ಬಹುಕಾಲದ ಪ್ರತಿಸ್ಪರ್ಧಿಯಾದ ಕವೆಂಟ್ರಿ ಸರಪಣಿ ಸಂಘದೊಡನೆ ಒಂದಾಯಿತು. ಹಾನ್ಸ್ ರೆನೋಲ್ಡನು ದೀರ್ಘಾಯುವಾಗಿ ಬಾಳಿ ೧೯೪೩ರಲ್ಲಿ ಮರಣಹೊಂದಿದನು. ಸಂಘದ ಹೆಸರು ೧೯೫೪ರಲ್ಲಿ ರೆನೋಲ್ಡ್ ಚೈನ್ಸ್ ಎಂದೂ, ೧೯೬೭ರಲ್ಲಿ ಬರಿಯ ರೆನೋಲ್ಡ್ ಎಂದೂ ಬದಲಾಯಿತು. ಬ್ರಿಟನ್ನಿನ ಯಂತ್ರೋದ್ಯಮಕ್ಕೆ ಒದಗಿದ ಇಳಿಗಾಲವು ಈ ಸಂಘವನ್ನೂ ಬಿಡಲಿಲ್ಲ. ಸಹಸ್ರಾರು ಜನರಿಗೆ ಅನ್ನವಿತ್ತ ಬರ್ನೇಜಿನ ಕಾರ್ಖಾನೆಯು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮುಚ್ಚಿಹೋಯಿತು. ಕೂಡಿ ಆಲೋಚಿಸುವ ಸಮಿತಿಗಳ ಪ್ರಾಚೀನ ಪರಂಪರೆಯು ಆ ಕಾರ್ಖಾನೆಯನ್ನು ಉಳಿಸಲಾರದೆ ಹೋಯಿತು.

ಮ್ಯಾಂಚೆಸ್ಟರಿನ ಶಿಲ್ಪವು ಈ ನಡುವೆ ಭಾರತಕ್ಕೆ ಬಂದು ನೆಲೆಯೂರಿತು. ಮದರಾಸಿನ ಅಂಬತ್ತೂರಿನಲ್ಲಿ ೧೯೪೯ರಲ್ಲಿ ಟಿ.ಐ. ಸೈಕಲ್ಸ್ ಸಂಘವು ಸ್ಥಾಪಿತವಾದ ಮೇಲೆ, ೧೯೬೦ರಲ್ಲಿ ಅಮೆರಿಕದ ಡೈಮಂಡ್ ಸಂಘದ ಸಹಯೋಗದಿಂದ ಸರಪಣಿಯ ಕಾರ್ಖಾನೆಯೂ ಏರ್ಪಟ್ಟಿತು. ಕೊಯಮತ್ತೂರಿನಲ್ಲಿ ೧೯೩೭ರಲ್ಲಿ ಮೋಟಾರು ಸಾರಿಗೆಯಿಂದ ಆರಂಭವಾದ ಎಲ್.ಜಿ. ಬಾಲಕೃಷ್ಣನ್ ಸಹೋದರರ ಸಂಘವು ಕಾಲಕ್ರಮದಲ್ಲಿ ರೋಲಾನ್ ಎಂಬ ಹೆಸರಿನ ಸರಪಣಿಗಳಿಂದ ದೇಶವಿಖ್ಯಾತವಾಯಿತು. ೨೦೦೮ರಲ್ಲಿ ಇದೇ ಸಂಘದೊಡನೆ ರೆನೋಲ್ಡ್ ಸಂಘವು ಕೈಜೋಡಿಸಿ, ಕಾರ್ಖಾನೆಗಳ ಉಪಯೋಗಕ್ಕೆ ಬೇಕಾದ ಸರಪಣಿಗಳನ್ನು ಭಾರತದಲ್ಲಿ ಮಾಡಿಸತೊಡಗಿತು. ಸಾಲ್‌ಫರ್ಡಿನ ಸಣ್ಣ ಮನೆಯಲ್ಲಿ ಹತ್ತಿಯ ಗಿರಣಿಗಾಗಿ ಆರಂಭವಾದ ಶಿಲ್ಪವು, ಹತ್ತಿಯ ಗಿರಣಿಗಳಿಗೆ ಪ್ರಸಿದ್ಧವಾದ ಕೊಯಮತ್ತೂರಿಗೆ ಬಂದು ಸೇರಿದುದು ಗಮನಾರ್ಹವಾಗಿದೆ.

ಕನ್ನಡನಾಡಿಗೂ ಈ ವಿಷಯವು ಹೊರಗಿನದಲ್ಲ. ೧೯೬೧ರಿಂದ ೧೯೯೬ರವರೆಗೆ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ಮಾಡಿದ ಮೋಟಾರು ಸೈಕಲ್ಲುಗಳಲ್ಲಿ, ಎಂಜಿನ್ನಿನ ಬಲವು ಗೇರುಪೆಟ್ಟಿ‌ಗೆಗೆ ಒಂದು ಸರಪಣಿಯಿಂದಲೂ, ಅಲ್ಲಿಂದ ಹಿಂದಿನ ಗಾಲಿಗೆ ಮುಚ್ಚುಗೂಡಿನೊಳಗಿನ ಇನ್ನೊಂದು ಸರಪಣಿಯಿಂದಲೂ ಸಾಗುತ್ತಿತ್ತು. ಸಕ್ಕರೆಯ ಕಾರ್ಖಾನೆಗಳಲ್ಲಿ ಕಬ್ಬಿನ ಹೊರೆಯನ್ನು ಗಾಣದ ಬಾಯಿಗೆ ಒಯ್ಯುವುದೂ ಸರಪಣಿಯೇ. ಇನ್ನೊಂದು ಸ್ವಾರಸ್ಯವನ್ನೂ ಹೇಳಬಹುದು. ಬೈಸಿಕಲ್ ಸರಪಣಿಯ ಕೊಂಡಿಯ ಅಂತರವು ಲೋಕದಲ್ಲೆಲ್ಲ ೧೨.೭ ಮಿಲ್ಲಿಮೀಟರು. ಇದು ಅರ್ಧ ಅಂಗುಲದ ಇನ್ನೊಂದು ಹೆಸರು ಮಾತ್ರ. ದೇಶಗಳು ಅಂಗುಲವನ್ನು ಬಿಟ್ಟು ಮೀಟರನ್ನು ಹಿಡಿದರೂ, ಭಾಷೆಯಲ್ಲಿ ಹಳೆಯ ಪ್ರತ್ಯಯವು ಉಳಿಯುವಂತೆ, ಸರಪಣಿಯಲ್ಲಿ ಇಂಗ್ಲೆಂಡಿನ ಅಂಗುಲವು ಉಳಿದುಕೊಂಡಿದೆ.

೮. ಉಪಸಂಹಾರ

ಮೇಲಿನ ನಿರೂಪಣೆಯಿಂದ ನಿಷ್ಪನ್ನವಾಗುವ ಅರ್ಥಗಳು ಎರಡು. ಕರ್ತೃತ್ವವು ಒಬ್ಬನ ಏಕಾಂತಸ್ವತ್ತಲ್ಲ. ಆದರೂ ಅದು ಎಲ್ಲರಲ್ಲಿ ಸಮನಾಗಿ ಹಂಚಿಹೋಗುವುದೂ ಇಲ್ಲ. ಪರಂಪರೆಯಿಂದ ಬಂದುದರಲ್ಲಿ ದೋಷದ ಸ್ಥಾನವನ್ನು ಕಂಡು, ಪರಿಹಾರವನ್ನು ಆಚರಣೆಗೆ ತಂದವನಿಗೆ ವಿಶೇಷವಾದ ಪಾಲು ಸಲ್ಲುವುದು. ಗಾಲ, ಸ್ಲೇಟರರನ್ನು ಸ್ಮರಿಸಿದಮೇಲೆಯೂ ೧೮೮೦ರ ಕೊಳವೆಯು ರೆನೋಲ್ಡನದೇ ಆಗಿ ನಿಲ್ಲುವುದು.

ಎರಡನೆಯ ಪ್ರಶ್ನೆಗೆ ಉತ್ತರವನ್ನು ಸರಪಣಿಯೇ ಕೊಡುವುದು. ಅದು ಸವೆಯುವುದು ತಗಡಿನಲ್ಲಿ ಅಲ್ಲ, ಸಂಧಿಯಲ್ಲಿ. ಒಡೆಯ, ಕೆಲಸಗಾರ ಎಂಬ ಎರಡು ಕೊಂಡಿಗಳು ಎಷ್ಟೇ ಗಟ್ಟಿಯಾಗಿದ್ದರೂ, ಅವೆರಡೂ ಕೂಡುವ ಸ್ಥಳವು ಕಿರಿದಾಗಿದ್ದಲ್ಲಿ ಭಾರವೆಲ್ಲ ಅಲ್ಲಿಯೇ ಬಿದ್ದು ಗುಳಿಬೀಳುವುದು. ಹಿರಿಯ ರೆನೋಲ್ಡನು ಉಕ್ಕಿನಲ್ಲಿ ಆ ಸ್ಥಳವನ್ನು ಅಗಲಮಾಡಿ ಗೆದ್ದನು. ಕಿರಿಯನು ಮನುಷ್ಯರ ನಡುವೆ ಅದೇ ಕಾರ್ಯವನ್ನು ಮಾಡಲೆಳಸಿ, ಸ್ವಲ್ಪ ದೂರ ಮಾತ್ರ ಸಾಗಿದನು. ಉಕ್ಕಿನ ಕಾರ್ಯವು ಪೂರ್ಣವಾಗಿ ಲೋಕವೆಲ್ಲ ಹಬ್ಬಿತು; ಮನುಷ್ಯರ ಕಾರ್ಯವು ಅಪೂರ್ಣವಾಗಿ ಉಳಿದಿದೆ. ಶೃಂಖಲೆಯು ಬಂಧನವಾಗುವುದೂ ಚಲನೆಗೆ ಸಾಧನವಾಗುವುದೂ ಲೋಹದ ಗುಣದಿಂದಲ್ಲ, ಸಂಧಿಯ ಗುಣದಿಂದ ಎಂಬುದನ್ನು ಈ ಕಾರ್ಖಾನೆಯ ಚರಿತ್ರೆಯಿಂದ ತಿಳಿಯತಕ್ಕದ್ದು.